ಉಳವಿಯ ಹಾದಿಯಲ್ಲಿ ಒಂದು ದಿನ: ಕೊಡಲಿ ಕಂಡ ಕಾಡು, ಶರಣರು ನಡೆದ ದಾರಿ

ಶ್ರೀ ಚೆನ್ನಬಸವೇಶ್ವರರ ಐಕ್ಯಸ್ಥಳವಾದ ಉಳವಿಗೆ ಹೋಗಿಬಾರದ ಶರಣ ಕುಟುಂಬ ನಮ್ಮ ಧಾರವಾಡ, ಬೆಳಗಾವಿ ಸೀಮೆಯಲ್ಲಿ ವಿರಳ. ಮಾಘ ಮಾಸದ ಭಾರತ ಹುಣ್ಣಿಮೆಯ ಸಮಯಕ್ಕೆ ಚಕ್ಕಡಿ ಹೂಡಿಕೊಂಡು, ಎತ್ತುಗಳಿಗೆ ಜೂಲು ಹೊದಿಸಿ, ಹರಹರ ಮಹಾದೇವ ಎನ್ನುತ್ತ ಜಾತ್ರೆಗೆ ಹೊರಡುವ ಪದ್ಧತಿ ಇಂದಿಗೂ ಉಳಿದಿದೆ. ಆದರೆ ಮೋಟಾರಿನಲ್ಲಿ ಹೋಗುವ ನಮ್ಮಂಥವರು ಮಾಡುವುದೇನು? ನಸುಕಿನಲ್ಲಿ ಹೊರಡುತ್ತೇವೆ, ಹಳಿಯಾಳ ದಾಟುವಷ್ಟರಲ್ಲಿ ನಿದ್ದೆ ಹೋಗುತ್ತೇವೆ, ಗುಡಿಯ ಮುಂದೆ ಕಣ್ಣು ತೆರೆಯುತ್ತೇವೆ. ನಡುವೆ ಹಾದುಹೋದ ಕಾಡು ನಮ್ಮ ಪಾಲಿಗೆ ಬರಿಯ ದೂರ, ಕಳೆಯಬೇಕಾದ ಹೊತ್ತು.

ಈ ಲೇಖಕನೂ ಹಲವು ವರ್ಷ ಹಾಗೆಯೇ ಹೋಗಿ ಬಂದವನು. ಕಳೆದ ಕಾರ್ತಿಕದಲ್ಲಿ ಮಾತ್ರ ದಾರಿಯನ್ನೇ ಯಾತ್ರೆಯೆಂದು ತಿಳಿದು ನಡೆಯೋಣವೆಂದು ನಿಶ್ಚಯಿಸಿದೆವು. ವಯಸ್ಸಾದ ತಾಯಿ, ಪತ್ನಿ, ಇಬ್ಬರು ಮಕ್ಕಳು, ಹೀಗೆ ಐವರ ಸಂಸಾರ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ, ಮೊಸರನ್ನ, ಸ್ವಲ್ಪ ಮಾದಲಿ, ಇಷ್ಟು ಬುತ್ತಿ. ಆ ಒಂದು ದಿನ ಕಾಡು ನಮಗೆ ಕಲಿಸಿದ್ದನ್ನು ವಾಚಕ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ನಾಟಾ ಹಾದು ಹೋದ ದಾರಿ

ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿಗೆ ಸುಮಾರು 55 ಕಿಲೋಮೀಟರು. ಬಯಲು ಸೀಮೆಯ ಎರೆನೆಲ ಮುಗಿದು ಕೆಂಪು ಮಣ್ಣು ಮೊದಲಾಗುತ್ತದೆ. ಗಾಳಿ ತಂಪಾಗುತ್ತದೆ. ಕಾಳಿ ನದಿಯ ದಡದ ಈ ಊರಿನ ಹೆಸರು ಕೇಳಿದೊಡನೆ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಬರುವ ಮಾತು ಒಂದೇ: ಸಾಗವಾನಿ. ಊರಿನ ನಾಟಾ ಡಿಪೋದಲ್ಲಿ ಸಂಖ್ಯೆ ಬರೆದು, ಮುದ್ರೆ ಒತ್ತಿ, ಹರಾಜಿಗೆಂದು ಒಟ್ಟಿದ ದಿಮ್ಮಿಗಳ ಸಾಲುಗಳನ್ನು ನೋಡಿದವರಿಗೆ ಆ ಮಾತಿನ ಅರ್ಥ ತಿಳಿದೀತು.

ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಕಂಬಗಳಿವೆ. ನಮ್ಮ ಅಜ್ಜ ಮನೆ ಕಟ್ಟಿಸಿದಾಗ ತರಿಸಿದವು. ಬಂದ ಬೀಗರಿಗೆಲ್ಲ ಅವನ್ನು ತೋರಿಸಿ, “ದಾಂಡೇಲಿ ಸಾಗವಾನಿ, ಹುಳ ಮುಟ್ಟಂಗಿಲ್ಲ” ಎಂದು ಹೇಳುವುದು ಮನೆಯ ರೂಢಿ. ಡಿಪೋದ ಬೇಲಿಯಾಚೆಯಿಂದ ದಿಮ್ಮಿಗಳನ್ನು ನೋಡುತ್ತಿದ್ದ ಕಿರಿಯ ಮಗ ತಟ್ಟನೆ ಕೇಳಿದ: “ಆಯಿ, ನಮ್ಮ ಮನಿ ಕಂಬದ ಗಿಡ ಇಲ್ಲೇ ಇತ್ತೇನು?” ತಾಯಿಯವರು, “ಹೌದಪ್ಪಾ, ಇಲ್ಲೇ ಎಲ್ಲ್ಯೋ ಇತ್ತು” ಎಂದರು. “ಹಂಗಾರ ಅದು ನಿಂತಿದ್ದ ಜಾಗಾ ಈಗ ಖಾಲಿ ಐತೇನು?” ಎಂಬ ಎರಡನೆಯ ಪ್ರಶ್ನೆಗೆ ನಮ್ಮಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. ದಿನವಿಡೀ ಆ ಪ್ರಶ್ನೆ ನಮ್ಮೊಡನೆಯೇ ಬಂತು.

ಈ ಕಾಡಿನ ಕಡಿತ ನಿನ್ನೆ ಮೊನ್ನೆಯದಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಪ್ರದೇಶವು ಇಂಗ್ಲಿಷರ ಕೈಸೇರಿತು. ಹಡಗು ಕಟ್ಟಲು ಓಕ್ ಮರದಂತೆಯೇ, ಒಂದು ದೃಷ್ಟಿಯಿಂದ ಅದಕ್ಕಿಂತಲೂ ಮಿಗಿಲಾಗಿ, ಒದಗುವುದು ತೇಗವೆಂದು ಅವರು ಕಂಡುಕೊಂಡಿದ್ದರು. ಪಶ್ಚಿಮ ಕರಾವಳಿಯ ತೇಗ ಮುಂಬಯಿಯ ಹಡಗುಕಟ್ಟೆಗೆ ಹೋಯಿತು. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಕಾಲಕ್ಕೆ ರೈಲುದಾರಿಯ ಯುಗ ಮೊದಲಾಗಿತ್ತು. ಹಳಿಗಳ ಕೆಳಗೆ ಹಾಸುವ ಮರದ ತೊಲೆಗಳಿಗೆ ಮಿತಿಯಿಲ್ಲದ ಬೇಡಿಕೆ ಬಂತು. 1878ರ ಅರಣ್ಯ ಕಾಯಿದೆಯಿಂದ ಕಾಡು ಸರಕಾರದ ಸ್ವತ್ತಾಗಿ ಗಟ್ಟಿಯಾಯಿತು. ತಲೆತಲಾಂತರದಿಂದ ಕುಮರಿ ಬೇಸಾಯ ಮಾಡಿಕೊಂಡಿದ್ದ ಕುಣಬಿ ಮೊದಲಾದ ಜನರಿಗೆ ಅದೇ ಕಾಡಿನಲ್ಲಿ ನಿರ್ಬಂಧಗಳು ಬಂದವು. 1919ರಲ್ಲಿ ಅಳ್ನಾವರದಿಂದ ದಾಂಡೇಲಿಗೆ ರೈಲುದಾರಿ ಹಾಕಿದ್ದು ಮುಖ್ಯವಾಗಿ ನಾಟಾ ಸಾಗಿಸುವುದಕ್ಕಾಗಿ.

ಸ್ವಾತಂತ್ರ್ಯ ಬಂದ ಮೇಲೆಯೂ ಕೊಡಲಿ ವಿಶ್ರಮಿಸಲಿಲ್ಲ. ಪ್ಲೈವುಡ್ ಕಾರ್ಖಾನೆಗೆ ದೊಡ್ಡ ಮರ, 1955ರಲ್ಲಿ ಸ್ಥಾಪನೆಯಾದ ಕಾಗದದ ಗಿರಣಿಗೆ ಬಿದಿರು, ನಮ್ಮಂಥವರ ಮನೆಗಳಿಗೆ ಕಂಬ, ತೊಲೆ, ಬಾಗಿಲು. ಕೂಪು ಕೂಪುಗಳಾಗಿ ಕಾಡನ್ನು ಗುರುತಿಸಿ, ಸರದಿಯಂತೆ ಕಡಿದು, ಅನೇಕ ಕಡೆ ನೆಲವನ್ನು ಪೂರ್ತಿ ಬೋಳಾಗಿಸಿ ತೇಗವೊಂದನ್ನೇ ಸಾಲಾಗಿ ನೆಟ್ಟರು. ಕಾಳಿ ನದಿಗೆ ಕಟ್ಟಿದ, 101 ಮೀಟರು ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಪೇಟೆಯೂ ಸುತ್ತಲಿನ ಕಾಡೂ ಮುಳುಗಿದವು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಈ ಎಲ್ಲದರಿಂದ ಅನೇಕರಿಗೆ ಉದ್ಯೋಗ ದೊರೆಯಿತು, ನಾಡಿಗೆ ಕಾಗದ ಮತ್ತು ವಿದ್ಯುತ್ತು ದೊರೆತವು ಎಂಬುದನ್ನು ಮರೆಯಬಾರದು. ತೆತ್ತ ಬೆಲೆಯನ್ನೂ ಮರೆಯಬಾರದು.

ಸಿಂಥೇರಿ ಬಂಡೆಯ ಬುಡದಲ್ಲಿ

ದಾಂಡೇಲಿಯಿಂದ ಪೋಟೋಳಿಯ ಮೇಲೆ ಗುಂದದ ಕಡೆಗೆ ಹೋಗುವ ದಾರಿಯಲ್ಲಿ ಸಿಂಥೇರಿ ಎಂಬ ಸ್ಥಳ ಬರುತ್ತದೆ. ದಾಂಡೇಲಿಯಿಂದ ಸುಮಾರು 30 ಕಿಲೋಮೀಟರು. ಅರಣ್ಯ ಇಲಾಖೆಯವರು ಮೆಟ್ಟಿಲು ಕಟ್ಟಿದ್ದಾರೆ. ಇಳಿಯುತ್ತ ಹೋದಂತೆ ನೀರಿನ ಸದ್ದು ಹತ್ತಿರವಾಗುತ್ತದೆ. ಕೊನೆಯ ತಿರುವಿನಲ್ಲಿ ಸುಮಾರು 300 ಅಡಿ ಎತ್ತರದ ಏಕಶಿಲೆ ಥಟ್ಟನೆ ಎದುರಾಗುತ್ತದೆ. ಅದರ ಬುಡವನ್ನು ಕೊರೆಯುತ್ತ ಕಾನೇರಿ ಹೊಳೆ ಹರಿಯುತ್ತದೆ. ಬಂಡೆಯ ಸಂದುಗಳಲ್ಲಿ ಪಾರಿವಾಳಗಳ ವಾಸ. ಮೇಲೆ ಹೆಜ್ಜೇನಿನ ಹುಟ್ಟಿಗಳು ಕರಿಯ ಕಂಬಳಿಯಂತೆ ಜೋತುಬಿದ್ದಿರುತ್ತವೆ.

ಶಾಲೆಯ ಮಕ್ಕಳು, ಹೊಸ ದಂಪತಿಗಳು, ಪಟ್ಟಣದ ಗುಂಪುಗಳು ಇಲ್ಲಿಗೆ ವಿಹಾರಕ್ಕೆ ಬರುತ್ತಾರೆ. ನಾವೂ ಅಲ್ಲಿಯೇ ಬಿಡಾರ ಮಾಡಿದೆವು. ತಾಯಿಯವರು ಕೈಕಾಲು ತೊಳೆದು, ವಿಭೂತಿ ಧರಿಸಿ, ಶಿಲೆಯೊಂದರ ಮೇಲೆ ಕುಳಿತು ಇಷ್ಟಲಿಂಗ ಪೂಜೆಗೆ ಅಣಿಯಾದರು. ಊದಿನಕಡ್ಡಿ ಹಚ್ಚಲು ಹೋದಾಗ ಅಲ್ಲಿದ್ದ ಅರಣ್ಯ ಇಲಾಖೆಯ ಕಾವಲುಗಾರರು ಕೈಮುಗಿದು ತಡೆದರು: “ಅವ್ವಾರ, ಹೊಗಿ ಮಾಡಬ್ಯಾಡ್ರಿ. ಜೇನ ಏಳತಾವು.” ತಾಯಿಯವರು ಕಡ್ಡಿಯನ್ನು ತಿರುಗಿ ಚೀಲದಲ್ಲಿಟ್ಟರು. “ಇಲ್ಲಿ ಮೊದಲಿನಿಂದ ಇರೂವು ಅವು. ನಾವು ಬಂದವರು” ಎಂದು ನೀರು, ಪತ್ರೆಗಳಿಂದಲೇ ಪೂಜೆ ಮುಗಿಸಿದರು. ಆ ದಿನದ ಪೂಜೆಗೆ ಯಾವ ಕೊರತೆಯೂ ಆಗಲಿಲ್ಲವೆಂದೇ ನಮಗೆ ತೋರಿತು.

ವಾಚಕರಿಗೆ ಇಲ್ಲಿಯೇ ಒಂದು ಎಚ್ಚರಿಕೆ ಹೇಳಿಬಿಡುವುದು ಒಳ್ಳೆಯದು. ಹೊಳೆಯ ನೀರು ನೋಡಲು ಶಾಂತ, ಒಳಗೆ ಸೆಳೆತ. ಬಂಡೆಗಳು ಪಾಚಿಯಿಂದ ಜಾರುತ್ತವೆ. ಈಜುವ ಆಸೆಗೆ ಮಕ್ಕಳನ್ನು ನೀರಿಗೆ ಬಿಡಬಾರದು. ಸುಗಂಧ ಹಾಕಿಕೊಂಡು, ಕೂಗಾಡಿ, ಕಲ್ಲೆಸೆದು ಜೇನನ್ನು ಕೆಣಕಬಾರದು.

ಊಟವಾದ ಮೇಲೆ ನೋಡಿದರೆ, ನಮಗಿಂತ ಮುಂಚೆ ಬಂದುಹೋದ ಯಾರೋ ಬಿಟ್ಟ ಪ್ಲಾಸ್ಟಿಕ್ ಲೋಟಗಳು, ಕುರುಕಲು ತಿಂಡಿಯ ಚೀಟಿಗಳು ಕಲ್ಲುಗಳ ನಡುವೆ ಸಿಕ್ಕಿಕೊಂಡಿದ್ದವು. ತಾಯಿಯವರು ಸುಮ್ಮನೆ ಎದ್ದು ಒಂದು ಚೀಲದಲ್ಲಿ ಅವನ್ನು ಆಯತೊಡಗಿದರು. “ನಮ್ಮವು ಅಲ್ಲಲ್ಲವ್ವಾ” ಎಂದು ಹೇಳಿದ್ದಕ್ಕೆ, “ಮಠದಾಗ ಪಂಕ್ತಿ ಎದ್ದ ಮ್ಯಾಲೆ ಬ್ಯಾರೆಯವರ ಎಲಿ ತಗೀದಿಲ್ಲೇನು ನಾವು? ಇದೂ ಹಂಗ” ಎಂದರು. ಮಕ್ಕಳಿಬ್ಬರೂ ಹೇಳಿಸಿಕೊಳ್ಳದೆ ಅಜ್ಜಿಯೊಡನೆ ಬಗ್ಗಿದರು.

ಮುಳ್ಳೂ ಒಂದು ರಕ್ಷೆ

ಸಿಂಥೇರಿಯಿಂದ ಮುಂದೆ ದಾರಿಯ ಎರಡೂ ಬದಿಗೆ ಬಿದಿರಿನ ಮೆಳೆಗಳು. ಈ ಬಿದಿರಿನದೊಂದು ಕಥೆಯಿದೆ; ಕೇಳಿದರೆ ಯಾವ ಗೃಹಸ್ಥನಿಗೂ ಉಪಯೋಗವಾದೀತು.

ಕಾಗದದ ಗಿರಣಿಗೆ ಬಿದಿರನ್ನು ಸರಕಾರ ಪೇಟೆಯ ದರಕ್ಕಿಂತ ಬಹಳ ಕಡಿಮೆ ದರದಲ್ಲಿ ಕೊಡುತ್ತಿತ್ತು. ಬಿದಿರು ಬೇಗ ಬೆಳೆಯುತ್ತದೆ, ಮುಗಿಯುವ ಮಾತೇ ಇಲ್ಲ ಎಂಬುದು ಎಲ್ಲರ ನಂಬಿಕೆಯಾಗಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಮೆಳೆಗಳು ಸೊರಗತೊಡಗಿದವು. ಬುಟ್ಟಿ ಹೆಣೆದು ಬಾಳುವ ಮೇದಾರರಿಗೆ ಬಿದಿರು ದುರ್ಲಭವಾಗಿ ಅವರು ದೂರಿಕೊಂಡರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಉತ್ತರ ಕನ್ನಡದಲ್ಲಿ ಇದನ್ನು ಅಭ್ಯಾಸ ಮಾಡಿದರು. ಕಂಡದ್ದು ಹೀಗೆ: ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಹೆಣೆದುಕೊಂಡು ಒಂದು ಬೇಲಿಯಾಗಿರುತ್ತವೆ. ಮುಳ್ಳು ತೆಗೆದು ಬುಡ ಚೊಕ್ಕಟ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ತಿಳಿದು ಕಡಿಯುವವರು ಅದನ್ನು ಸವರಿಹಾಕುತ್ತಿದ್ದರು. ಮುಳ್ಳು ಹೋದೊಡನೆ ನೆಲದಿಂದ ಏಳುವ ಎಳೆಯ ಕಳಲೆ ಬಯಲಿಗೆ ಬಿತ್ತು. ದನಕರು, ಕಾಡುಪ್ರಾಣಿಗಳು ಮೇದುಬಿಟ್ಟವು. ಹೊಸ ಬಿದಿರು ಏಳಲೇ ಇಲ್ಲ. ಮುಳ್ಳೇ ಕಳಲೆಯ ರಕ್ಷೆಯೆಂಬುದು ಕಾಡಿನ ಹಳ್ಳಿಗರಿಗೆ ಮೊದಲೇ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ಬಲ್ಲವರು ಯಾರೆಂಬುದನ್ನು ವೇಷ, ಪದವಿಗಳಿಂದ ಅಳೆಯಬಾರದೆಂದು ತೋರಿಸಿಕೊಟ್ಟವರು ನಮ್ಮ ಶರಣರು. ಅನುಭವ ಮಂಟಪದಲ್ಲಿ ಅಂಬಿಗ, ಮಡಿವಾಳ, ಮೇದಾರರ ಅನುಭವಕ್ಕೂ ಸಮನಾದ ಪೀಠವಿತ್ತು. ಬುಟ್ಟಿ ಹೆಣೆಯುವವನ ಮಾತು ಕೇಳದೆ ಬಿದಿರನ್ನು ಆಳಹೊರಟದ್ದರ ಫಲವನ್ನು ಈ ಕಾಡು ಉಂಡಿತು.

ಗವಿಗಳ ಕಾಲುದಾರಿ

ಸಂಜೆಯ ವೇಳೆಗೆ ಉಳವಿಗೆ ತಲುಪಿ, ಗುಡಿಯಲ್ಲಿ ದರ್ಶನ ಪಡೆದು, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ ಅಲ್ಲಿಯೇ ತಂಗಿದೆವು. ಮರುದಿನ ಬೆಳಗ್ಗೆ ಗವಿಗಳ ಕಡೆಗೆ ಹೊರಟೆವು. ಮಹಾಮನೆ ಗವಿ, ಆಕಳ ಗವಿ, ವಿಭೂತಿ ಕಣಜ ಮೊದಲಾದ ಸ್ಥಳಗಳು ಸುತ್ತಲಿನ ಕಾಡಿನಲ್ಲಿವೆ. ದಾರಿ ಬಲ್ಲ ಸ್ಥಳೀಯ ಕುಣಬಿ ಹಿರಿಯರೊಬ್ಬರು ಜೊತೆಗೆ ಬಂದರು.

12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾದಾಗ ವಚನಗಳ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿ ಬಂದ ಸೈನ್ಯವನ್ನು ಎದುರಿಸುತ್ತ ಶರಣರು ಇತ್ತ ನಡೆದರೆಂಬುದು ನಮ್ಮ ಪರಂಪರೆ. ದಾರಿಯುದ್ದಕ್ಕೂ ಅವರ ನೆನಹಿನ ಸ್ಥಳಗಳಿವೆ: ಮಲಪ್ರಭೆಯ ದಡದ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರ ಐಕ್ಯಸ್ಥಳ, ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಸಮಾಧಿ. ಕೊನೆಗೆ ಆಶ್ರಯ ಕೊಟ್ಟದ್ದು ಈ ಕಾಡು. ಅರಮನೆಗಳು ಬಾಗಿಲು ಮುಚ್ಚಿದ ಕಾಲದಲ್ಲಿ ಗವಿ, ಮರ, ತೊರೆಗಳು ಶರಣರಿಗೆ ಮನೆಯಾದವು. ನಾವು ವಚನ ಸಂಪತ್ತಿನ ವಾರಸುದಾರರೆಂದು ಹೆಮ್ಮೆಪಡುತ್ತೇವೆ. ಅದನ್ನು ಮರೆಮಾಡಿ ಉಳಿಸಿದ ಕಾಡಿಗೆ ನಮ್ಮ ಋಣವೆಷ್ಟೆಂದು ಯೋಚಿಸುವುದು ಕಡಿಮೆ.

ಕಾಲುದಾರಿಯಲ್ಲಿ ಹತ್ತು ಹೆಜ್ಜೆ ಒಳಹೊಕ್ಕರೆ ಬಿಸಿಲು ಚೂರುಚೂರಾಗಿ ಮಾತ್ರ ನೆಲ ಮುಟ್ಟುತ್ತದೆ. ಹಿರಿಯರು ಒಂದೊಂದು ಮರವನ್ನೂ ಮುಟ್ಟಿ ಹೆಸರು ಹೇಳುತ್ತಿದ್ದರು: ಮತ್ತಿ, ಕಿಂದಳ, ನಂದಿ, ಹೊನ್ನೆ, ಬೀಟೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ. ಬೇಸಿಗೆಯಲ್ಲಿ ಅದರ ಕಾಂಡದೊಳಗೆ ನೀರು ಕೂಡಿರುತ್ತದೆಂದರು. ಎಳೆಯ ತೇಗದ ಎಲೆಯೊಂದನ್ನು ಮಗಳ ಅಂಗೈಯಲ್ಲಿ ತಿಕ್ಕಿಸಿದರು. ಮದರಂಗಿ ಹಚ್ಚಿದಂತೆ ಕೈ ಕೆಂಪಾಯಿತು.

ಒಂದು ತಿರುವಿನಲ್ಲಿ ಇಬ್ಬರು ಕೈಚಾಚಿದರೂ ತಬ್ಬಲಾಗದಷ್ಟು ಅಗಲದ ಹಳೆಯ ಬೊಡ್ಡೆಯೊಂದಿತ್ತು. ನಡುವು ಟೊಳ್ಳಾಗಿ ಮಣ್ಣಾಗಿದೆ. ಅಂಚಿನಿಂದ ಎದ್ದ ಮೂರು ಚಿಗುರುಗಳು ಈಗ ತೊಡೆಗಾತ್ರದ ಮರಗಳಾಗಿವೆ. ತೇಗಕ್ಕೆ ಈ ಗುಣವಿದೆ: ಕಡಿದರೂ ಬೇರು ಜೀವ ಹಿಡಿದಿರುತ್ತದೆ, ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಮಗನ ಪ್ರಶ್ನೆಗೆ ಅಲ್ಲಿ ಅರ್ಧ ಉತ್ತರ ಸಿಕ್ಕಿತು. ಕಂಬದ ಮರ ನಿಂತಿದ್ದ ಜಾಗ ಪೂರ್ತಿ ಖಾಲಿಯಾಗಿರಲಾರದು.

ಪೊಟರೆಯ ಲೆಕ್ಕ

ಉಳಿದ ಅರ್ಧ ಉತ್ತರ ಆಕಾಶದಿಂದ ಬಂತು. ಮರಗಳ ತಲೆಯ ಮೇಲೆ ಏನೋ ಯಂತ್ರ ಹೋದಂತೆ ‘ಭುಸ್ ಭುಸ್’ ಎಂಬ ಸದ್ದು. ಹಿರಿಯರು ಬೆರಳೆತ್ತಿ ತೋರಿಸಿದರು. ಹಳದಿ ಕೊಕ್ಕು, ಕೊಕ್ಕಿನ ಮೇಲೆ ಇನ್ನೊಂದು ಕಿರೀಟದಂಥ ಕೋಡು, ಅಗಲವಾದ ರೆಕ್ಕೆಗಳು: ದಾಸ ಮಂಗಟ್ಟೆ. ಈ ಹಕ್ಕಿಯ ಸಂಸಾರದ ರೀತಿ ಅಪೂರ್ವವಾದದ್ದು. ಹೆಣ್ಣು ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಒಳಗಿನಿಂದಲೇ ಮೆತ್ತಿ ಮುಚ್ಚಿ, ಕೊಕ್ಕು ಹೊರಚಾಚುವಷ್ಟು ಸಂದು ಮಾತ್ರ ಬಿಟ್ಟುಕೊಳ್ಳುತ್ತದೆ. ಅದು ಮೊಟ್ಟೆಯಿಟ್ಟು ಮರಿಮಾಡಿ ಹೊರಬರುವವರೆಗೆ, ತಿಂಗಳುಗಟ್ಟಲೆ, ಗಂಡು ಅತ್ತಿ, ಆಲ ಮೊದಲಾದ ಹಣ್ಣು ತಂದು ಆ ಸಂದಿಯಿಂದ ಉಣಿಸುತ್ತದೆ. ತಿಂದ ಹಣ್ಣಿನ ಬೀಜಗಳನ್ನು ದೂರ ದೂರ ಉದುರಿಸಿ ಕಾಡನ್ನು ಬಿತ್ತುವ ಒಕ್ಕಲಿಗನೂ ಇದೇ ಹಕ್ಕಿ.

ಆದರೆ ಇಷ್ಟು ದೊಡ್ಡ ಹಕ್ಕಿ ಹಿಡಿಸುವ ಪೊಟರೆ ತೊಡೆಗಾತ್ರದ ಮರದಲ್ಲಿ ಆಗುವುದಿಲ್ಲ. ಅದಕ್ಕೆ ಮುಪ್ಪಿನ ಮರವೇ ಬೇಕು. ಕೂಪಿನ ಲೆಕ್ಕದಲ್ಲಿ ಮೊದಲು ಬೀಳುತ್ತಿದ್ದುದು ಅಂಥ ಬಲಿತ ಮರವೇ. ಸಾಲಿನಲ್ಲಿ ನೆಟ್ಟ ತೇಗದ ತೋಪು ದೂರದಿಂದ ಕಾಡಿನಂತೆಯೇ ಕಾಣುತ್ತದೆ. ಒಳಗೆ ಅತ್ತಿಯಿಲ್ಲ, ಪೊಟರೆಯಿಲ್ಲ, ಮಂಗಟ್ಟೆಗೆ ಮನೆಯಿಲ್ಲ. ಕಡಿದದ್ದು ಚಿಗುರುತ್ತದೆಂಬುದು ನಿಜ. ಕಡಿದದ್ದೆಲ್ಲ ಹಿಂದಿರುಗುತ್ತದೆಂಬುದು ನಿಜವಲ್ಲ. ಮನೆಯಲ್ಲಿ ಹಿರಿಯರೊಬ್ಬರು ಹೋದರೆ ಮಕ್ಕಳು ಬೆಳೆದು ಸಂಸಾರ ಸಾಗುತ್ತದೆ. ಆದರೆ ಹಿರಿತನ ಮತ್ತೆ ಬರಬೇಕಾದರೆ ಒಂದು ತಲೆಮಾರು ಕಾಯಬೇಕು. ಕಾಡಿನ ತಲೆಮಾರು ನಮ್ಮ ಹಲವು ತಲೆಮಾರುಗಳಷ್ಟು ಉದ್ದ.

ಸಮಾಧಾನದ ಸಂಗತಿಯೆಂದರೆ ಜನ ಎಚ್ಚತ್ತುಕೊಂಡರು. 1983ರ ಸೆಪ್ಟೆಂಬರ್ 8ರಂದು ಇದೇ ಜಿಲ್ಲೆಯ ಶಿರಸಿ ತಾಲೂಕಿನ ಸಾಲ್ಕಣಿಯ ಹೆಣ್ಣುಮಕ್ಕಳು, ಗಂಡಸರು ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡು ಕೊಡಲಿಗೆ ಅಡ್ಡನಿಂತರು. ಅಪ್ಪಿಕೋ ಚಳವಳಿಯೆಂದು ಅದು ಹೆಸರಾಯಿತು. ಮುಂದಿನ ವರ್ಷಗಳಲ್ಲಿ ಪಶ್ಚಿಮ ಘಟ್ಟದಲ್ಲಿ ಹಸಿರು ಮರ ಕಡಿಯುವುದಕ್ಕೆ ತಡೆ ಬಿತ್ತು. 1956ರಷ್ಟು ಹಿಂದೆಯೇ ದಾಂಡೇಲಿ ವನ್ಯಧಾಮವಾಗಿತ್ತು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆಯಿತು. 2011ರಲ್ಲಿ ದಾಂಡೇಲಿಯ ಸುತ್ತ ಮಂಗಟ್ಟೆಗಳಿಗಾಗಿಯೇ ಒಂದು ಸಂರಕ್ಷಣಾ ಪ್ರದೇಶ ಘೋಷಣೆಯಾಯಿತು.

ಯಾತ್ರಿಕರಾದ ನಮ್ಮ ಪಾಲು

ಕೊಡಲಿ ನಿಂತಿತು, ಇನ್ನು ನಮ್ಮ ಕೆಲಸವೇನು ಎಂದು ಕೈಕಟ್ಟಿ ಕೂಡುವಂತಿಲ್ಲ. ಇಂದು ಈ ಕಾಡಿಗೆ ಭಯವಿರುವುದು ನಮ್ಮಂಥ ಯಾತ್ರಿಕರಿಂದಲೂ ಹೌದು. ಭಾರತ ಹುಣ್ಣಿಮೆಯ ಸಮಯವೆಂದರೆ ಎಲೆ ಉದುರುವ ಕಾಲ. ತೇಗದ ಅಗಲವಾದ ಒಣ ಎಲೆಗಳು ನೆಲದ ಮೇಲೆ ಹಾಸಿರುತ್ತವೆ. ದಾರಿಯ ಬದಿಯಲ್ಲಿ ಅಡುಗೆಗೆ ಹೂಡಿದ ಒಲೆಯ ಒಂದು ಕಿಡಿ, ಎಸೆದ ಒಂದು ಬೀಡಿ ಸಾಕು. ಆ ವರ್ಷ ಮೊಳೆತ ಸಸಿಗಳೆಲ್ಲ ಬೂದಿಯಾಗುತ್ತವೆ. ದೊಡ್ಡ ಮರ ತಡೆದುಕೊಂಡೀತು. ಮಗುವಿನಂಥ ಸಸಿ ತಡೆಯಲಾರದು.

ಆದ್ದರಿಂದ ಉಳವಿಗೆ ಹೋಗುವ ಬಂಧುಗಳಲ್ಲಿ ಕೆಲವು ಅರಿಕೆಗಳಿವೆ. ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗೋಣ, ಇಲ್ಲವೆ ಗುಡಿಯ ದಾಸೋಹದಲ್ಲಿ ಉಣ್ಣೋಣ. ಕಾಡಿನೊಳಗೆ ಒಲೆ ಹೂಡುವುದು ಬೇಡ. ಚಕ್ಕಡಿಯವರು ಊರಿನ ಬಳಿ, ಗೊತ್ತುಮಾಡಿದ ಬಯಲಿನಲ್ಲಿ ಅಡುಗೆ ಮಾಡಿ, ನೀರು ಹಾಕಿ ಕೆಂಡ ಆರಿಸಿ, ಮುಟ್ಟಿ ನೋಡಿ ಹೊರಡಲಿ. ಒಂದು ಖಾಲಿ ಚೀಲ ಜೊತೆಗಿರಲಿ. ಒಯ್ದದ್ದನ್ನೆಲ್ಲ ತಿರುಗಿ ತರೋಣ, ಸಿಕ್ಕದ್ದರಲ್ಲಿ ಸ್ವಲ್ಪವನ್ನೂ ತರೋಣ. ಗವಿಗಳಿಗೆ ದಾರಿ ಬಲ್ಲ ಸ್ಥಳೀಯರೊಡನೆ ಹಗಲಿನಲ್ಲೇ ಹೋಗಿ, ಅವರ ಶ್ರಮಕ್ಕೆ ತಕ್ಕ ಕೂಲಿ ಕೊಟ್ಟು, ಕತ್ತಲಾಗುವ ಮುನ್ನ ಮರಳೋಣ. ಹೊಸ ಮನೆ ಕಟ್ಟಿಸುವವರು ಹಳೆಯ ಮನೆಯ ಕಂಬ ತೊಲೆಗಳನ್ನು ಮಾರಿ ಕಳೆಯದೆ ಮತ್ತೆ ಬಳಸೋಣ.

ದಾಸೋಹವೆಂದರೆ ಅನ್ನ ನೀಡುವುದು ಮಾತ್ರವಲ್ಲ. ಪಡೆದದ್ದು ತನ್ನದಲ್ಲವೆಂದು ತಿಳಿದು ತಿರುಗಿ ಸಲ್ಲಿಸುವುದು. ಈ ಕಾಡಿನಿಂದ ನಾವು ಪಡೆದದ್ದು ಬಹಳ. ಸಲ್ಲಿಸಿದ್ದು ಏನೂ ಇಲ್ಲ.

ಊರಿಗೆ ಮರಳಿದ ರಾತ್ರಿ ಕಿರಿಯ ಮಗ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದ. “ಇದರಾಗ ಮಂಗಟ್ಟಿ ಮನಿ ಇತ್ತೋ ಏನೋ” ಎಂದ. ತಾಯಿಯವರು ಮಾತನಾಡಲಿಲ್ಲ. ಮರುದಿನ ಮುಂಜಾನೆ ಪೂಜೆ ಮುಗಿಸಿ ಎದ್ದವರು, ಹೊಸ್ತಿಲಿಗೆ ಇಡುವ ವಿಭೂತಿಯನ್ನು ಆ ನಾಲ್ಕು ಕಂಬಗಳಿಗೂ ಇಟ್ಟರು. ಬೀಗರು ಬಂದಾಗ ಕಂಬ ತೋರಿಸುವ ರೂಢಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಈಗ ಮಕ್ಕಳು ಅದರೊಡನೆ ಉಳವಿಯ ದಾರಿಯ ಕಥೆಯನ್ನೂ ಸೇರಿಸಿ ಹೇಳುತ್ತಾರೆ.